ಗಾಳಿ ಸ್ಕ್ರೂವಿನ ಮೂರನೇ ಸುತ್ತು

ಆ ವರ್ಷಗಳಲ್ಲಿ ಸಂಡೂರಿನ ಕಡೆ ದಿನಾ ಓಡಾಡುವ ಬೈಕುಗಳನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ. ಕೊಂಡಾಗ ಕಪ್ಪಿರಲಿ ನೀಲಿ ಇರಲಿ, ಆರು ತಿಂಗಳಿಗೆ ಎಲ್ಲವೂ ಒಂದೇ ಬಣ್ಣ. ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು ಏರ್ ಫಿಲ್ಟರ್ ದಾಟಿ ಒಳಗಿಳಿದರೆ ಎಂಜಿನ್ ಎರಡು ವರ್ಷ ಬಾಳುತ್ತಿರಲಿಲ್ಲ. ಅದಕ್ಕೆ ನಮ್ಮ ಕಡೆಯವರು ತಾವೇ ಒಂದು ಉಪಾಯ ಮಾಡಿಕೊಂಡಿದ್ದರು. ಫಿಲ್ಟರ್ ಡಬ್ಬಿಯ ಬಾಯಿಗೆ ಹಳೆಯ ನೂಲಿನ ಸೀರೆಯ ತುಂಡೊಂದನ್ನು ಕಟ್ಟುವುದು. ಪ್ರತಿ ಅಮಾವಾಸ್ಯೆಗೆ ಬೈಕು ತೊಳೆದು, ನಿಂಬೆಹಣ್ಣು ಕಟ್ಟಿ ಪೂಜೆ ಮಾಡುವಾಗ ಆ ತುಂಡನ್ನು ಬಿಚ್ಚಿ ಬೇರೆಯದನ್ನು ಕಟ್ಟುವುದು. ಯಾವ ಕಂಪನಿಯ ಪುಸ್ತಕದಲ್ಲೂ ಇದು ಇರಲಿಲ್ಲ.

ನನ್ನ ಗ್ಯಾರೇಜು ಹೊಸಪೇಟೆಯ ಬಸ್ ನಿಲ್ದಾಣದ ಹಿಂದೆ, ಒಂದೇ ಶಟರಿನದು. ಕಾರ್ಬುರೇಟರ್ ಟ್ಯೂನಿಂಗ್ ಎಂದರೆ ಶಂಭುಲಿಂಗನ ಹತ್ತಿರ ಹೋಗಿ ಎಂದು ನಾಲ್ಕು ಜನ ಹೇಳುತ್ತಿದ್ದರು. ಹಾಗೆ ಹೇಳಿದಾಗೆಲ್ಲ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗುತ್ತಿತ್ತು. ಕೆಲಸ ನೋಡಿದರೆ ಸಣ್ಣದು. ಎಂಜಿನ್ ಬಿಸಿಯಾಗಿರಬೇಕು. ಗಾಳಿಯ ಸ್ಕ್ರೂವನ್ನು ಪೂರ್ತಿ ಮುಚ್ಚಿ, ಎರಡು ಸುತ್ತು ತೆರೆದು, ಅಲ್ಲಿಂದ ಆಚೀಚೆ ಕಾಲು ಸುತ್ತು ತಿರುಗಿಸುತ್ತ ಸದ್ದು ಕೇಳಬೇಕು. ತೆರೆದಷ್ಟೂ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಮೈಲೇಜಿನ ಆಸೆಗೆ ಮಿತಿ ಮೀರಿ ತೆರೆದರೆ, ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಎಂಜಿನ್ ಒಂದು ಕ್ಷಣ ಗಂಟಲಲ್ಲಿ ಗುಟುಕು ಸಿಕ್ಕಿಕೊಂಡಂತೆ ತಡವರಿಸುತ್ತದೆ, ಕೆಲವು ಸಲ ನಿಂತೇಹೋಗುತ್ತದೆ. ಲಾರಿಯನ್ನು ಹಿಂದೆ ಹಾಕುವವನಿಗೆ ಆ ಒಂದು ಕ್ಷಣ ಸಾಕು.

ಅದಕ್ಕೇ ನನ್ನದೊಂದು ಕ್ರಮವಿತ್ತು. ಮೊದಲು ಫಿಲ್ಟರಿನ ಬಟ್ಟೆ ಬಿಚ್ಚಿ, ಗೋಡೆಯ ಮೊಳೆಗೆ ತೂಗುಹಾಕಿ, ಆಮೇಲೆ ಟ್ಯೂನ್ ಮಾಡುವುದು. ಕೆಲಸ ಮುಗಿದ ಮೇಲೆ ಬಟ್ಟೆ ಕಟ್ಟಿದರೆ ಗಾಳಿ ಸ್ವಲ್ಪ ಕಡಿಮೆಯಾಗಿ ಎಂಜಿನ್ ತುಸು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಆದರೆ ಎಂದೂ ಕೈಕೊಡುವುದಿಲ್ಲ. ಎಷ್ಟು ಸುತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ನಾನು ಸಂಜೆ ಹೋಗುತ್ತಿದ್ದ ಮೋಟಾರು ರಿಪೇರಿ ತರಗತಿಯ ಮೇಷ್ಟ್ರು ಹೇಳಿಕೊಟ್ಟ ಅಭ್ಯಾಸ ಅದು.

ಅಮಾವಾಸ್ಯೆಯ ಹಿಂದಿನ ದಿನ, ಸಂಜೆ ಐದು ದಾಟಿದ ಮೇಲೆ ಭರಮಣ್ಣ ಬಂದ. ನಮ್ಮ ಊರಿನವನೇ, ಯಶವಂತನಗರದಲ್ಲಿ ಲಾರಿ ತೂಕ ಹಾಕುವಲ್ಲಿ ಗುಮಾಸ್ತ, ಮೂರು ವರ್ಷದ ಗಿರಾಕಿ.

"ಶಂಭಣ್ಣ, ಲೀಟರಿಗೆ ನಲವತ್ತೂ ಬರವಲ್ದು. ಪೆಟ್ರೋಲ್ ಕುಡಿತೈತೋ ಚೆಲ್ತೈತೋ ಒಂದೂ ತಿಳಿವಲ್ದು ನೋಡ್ರಿ."

"ನಾಳೆ ನಾಡ್ದು ಬರ್ರಿ, ನಿಧಾನಕ್ಕ ನೋಡೋಣು."

"ನಾಳೆ ಅಮಾಸಿ. ಮೂರೂ ಮಂದಿ ಚೋರನೂರಿಗೆ ಹೊಂಟೀವಿ, ಅತ್ತಿ ಮನಿಗೆ. ಏರಿನಾಗ ಕೈ ಕೊಟ್ರ ನಮ್ಮಾಕಿ ಮುಂದ ಮಾನ ಹೋಗ್ತೈತಿ."

ಆರಕ್ಕೆ ನನ್ನ ತರಗತಿ. ಗಡಿಯಾರ ನೋಡುತ್ತಲೇ ಕೆಲಸಕ್ಕೆ ಕೂತೆ. ಎರಡು ಸುತ್ತಿಗೆ ಎಂಜಿನ್ ಉಬ್ಬಸ ಬಂದಂತೆ ಗುಡುಗುಡಿಸುತ್ತಿತ್ತು. ಎರಡೂವರೆ, ಮೂರು. ಪೆಟ್ರೋಲ್ ಇನ್ನಷ್ಟು ಕಡಿಮೆಯಾಗಲೆಂದು ಕಾರ್ಬುರೇಟರಿನ ಒಳಗಿನ ಸೂಜಿಯನ್ನೂ ಒಂದು ಗೀರು ಇಳಿಸಿದೆ. ಥಟ್ಟನೆ ಸದ್ದು ನುಣುಪಾಯಿತು.

"ಹೊಲಿಗಿ ಮಷೀನ್ ಆತಲ್ರಿ ಇದು," ಎಂದ ಭರಮಣ್ಣ. ನಾನೂ ಹಿಗ್ಗಿದೆ. ಆ ಹಿಗ್ಗಿನಲ್ಲೇ ತರಗತಿಗೆ ಓಡಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ, ಅಕ್ಕಿ ಗಿರಣಿಯ ಎರ್ರಿಯಪ್ಪ ತೊಳೆದ ಬೈಕು ತಂದು ನಿಲ್ಲಿಸಿ, ಹಳೆಯ ಪಂಚೆಯಿಂದ ಹರಿದ ತುಂಡೊಂದನ್ನು ನನ್ನ ಕೈಗಿಟ್ಟರು.

"ಲೇ ಶಂಭು, ಹಳೇ ಅರಿವಿ ಬಿಚ್ಚು, ಇದನ್ನ ಕಟ್ಟು. ಹಂಗ ಒಂದೀಟು ಟ್ಯೂನ್ ಮಾಡು."

ಬಿಚ್ಚಿದೆ. ಮೊಳೆಗೆ ಹಾಕಲು ಕೈ ಎತ್ತಿದವನು ಹಾಗೇ ನಿಂತೆ. ಬಟ್ಟೆ ತೂಗುಹಾಕಿದಾಗೆಲ್ಲ ಮೊಳೆಯ ಕೆಳಗೆ ನೆಲದ ಮೇಲೆ ಒಂದು ಹಿಡಿ ಕೆಂಪು ಧೂಳು ಉದುರಿರುತ್ತದೆ. ನಿನ್ನೆ ಮಧ್ಯಾಹ್ನ ನಾನೇ ಗುಡಿಸಿದ ನೆಲ ಅದು. ಈಗಲೂ ಸ್ವಚ್ಛವಾಗಿತ್ತು.

ನೋಟ್‌ಬುಕ್ ತೆಗೆದೆ. ಭರಮಣ್ಣ, ಮೂರು ಸುತ್ತು. ನಾಲ್ಕು ವರ್ಷದ ಪುಟಗಳಲ್ಲಿ ಬೇರೆಲ್ಲೂ ಮೂರು ಇರಲಿಲ್ಲ. ಒಂದು ತಿಂಗಳ ಧೂಳು ಕುಡಿದು ದಪ್ಪಗಾದ ಬಟ್ಟೆಯನ್ನು ಬಿಚ್ಚದೆಯೇ ಟ್ಯೂನ್ ಮಾಡಿದ್ದೆ. ಇವತ್ತು ಅಮಾವಾಸ್ಯೆ. ಇಷ್ಟರಲ್ಲಿ ಅವನು ಬೈಕು ತೊಳೆದು ಹೊಸ ಬಟ್ಟೆ ಕಟ್ಟಿರುತ್ತಾನೆ. ಗಾಳಿ ಒಮ್ಮೆಲೇ ನುಗ್ಗುತ್ತದೆ. ಸಂಡೂರಿನ ಏರಿನಲ್ಲಿ ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗಳು.

ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಮಾಡಿದೆ. ಮತ್ತೆ ಅದೇ. ಸ್ಕ್ರೂಡ್ರೈವರ್, ಸ್ಪ್ಯಾನರ್ ಚೀಲಕ್ಕೆ ಹಾಕಿಕೊಂಡು ನನ್ನ ಬೈಕು ಹತ್ತಿದೆ. ಎರ್ರಿಯಪ್ಪ ಏನೋ ಕೂಗಿದರು, ಕಿವಿಗೆ ಬೀಳಲಿಲ್ಲ.

ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಐದು ನಿಮಿಷ ತಡವಾಗಿ ತರಗತಿಗೆ ಹೋಗಿದ್ದರೆ ಯಾರು ಹೊಡೆಯುತ್ತಿದ್ದರು? ಏರು ಶುರುವಾಗುವಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಮುಂದೆ ಜನ ಗುಂಪು ಕಟ್ಟಿದ್ದರು. ಬೈಕನ್ನು ಬದಿಗೆ ನಿಲ್ಲಿಸಿ ಓಡಿದೆ. ಹತ್ತಿರ ಹೋಗಿ ನೋಡಿದರೆ ಲಾರಿಯವನೊಬ್ಬ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅಮಾವಾಸ್ಯೆಯ ಕಾಯಿ ಒಡೆಯುತ್ತಿದ್ದ. ಹಿಂದಿನವರು ಅವನಿಗೆ ಬೈಯುತ್ತಿದ್ದರು. ಅವನು ಎಲ್ಲರಿಗೂ ಕೊಬ್ಬರಿ ಚೂರು ಹಂಚಿದ. ನನಗೂ ಒಂದು ಸಿಕ್ಕಿತು. ತಿನ್ನಲಾಗದೆ ಜೇಬಿಗೆ ಹಾಕಿಕೊಂಡೆ.

ಎರಡು ತಿರುವು ದಾಟಿದ ಮೇಲೆ, ಮಿರ್ಚಿ ಅಂಗಡಿಯ ಪಕ್ಕದಲ್ಲಿ ಆ ಬೈಕು ನಿಂತಿತ್ತು. ನೆಟ್ಟಗೆ, ಸ್ಟ್ಯಾಂಡಿನ ಮೇಲೆ. ಬೆಂಚಿನಲ್ಲಿ ಭರಮಣ್ಣ, ಅವನ ಹೆಂಡತಿ ಹೊಳೆಮ್ಮ, ನಡುವೆ ಮಗಳು ಲಲಿತಾ, ಮೂವರೂ ಮಂಡಕ್ಕಿ ಮುಕ್ಕುತ್ತಿದ್ದರು.

"ಅಲಲಲ, ಶಂಭಣ್ಣ. ನೀವೂ ಚೋರನೂರಿಗೇನ್ರಿ?"

"ಬೈಕು ಕೆಟ್ಟೈತೇನ್ರಿ?"

"ಯಾಕ ಕೆಡ್ತೈತಿ? ಹುಡುಗಿ ಮಿರ್ಚಿ ಬೇಕಂದ್ಲು, ನಿಂತೀವಿ."

ಆಗ ಬೈಕನ್ನು ಸರಿಯಾಗಿ ನೋಡಿದೆ. ಹ್ಯಾಂಡಲಿಗೆ ನಿಂಬೆಹಣ್ಣು, ಚೆಂಡುಹೂವು. ಆದರೆ ಮೈತುಂಬ ಹಳೆಯ ಧೂಳು ಹಾಗೇ ಇತ್ತು. ಫಿಲ್ಟರಿನ ಬಾಯಲ್ಲಿ ಅದೇ ಕೆಂಪು ಬಟ್ಟೆ. ಅದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚಿದ್ದರು.

"ನೋಡಣ್ಣ, ನೀನರ ಹೇಳು," ಎಂದಳು ಹೊಳೆಮ್ಮ. "ಊರಾಗಿನವು ಎಲ್ಲಾ ತೊಳಸ್ಕೊಂಡು ಪಳಪಳ ಅಂತಾವ. ಇವ್ರು ಒಂದು ತಂಬಿಗಿ ನೀರು ಸೈತ ಹಾಕಗೊಡಲಿಲ್ಲ. ಶಂಭಣ್ಣನ ಕೈ ಬಿದ್ದೈತಿ, ಯಾರೂ ಮುಟ್ಟಬ್ಯಾಡ್ರಿ ಅಂತ. ನಿನ್ನ ಕೈ ಏನು ತೊಳದ್ರ ಹೋಗ್ತೈತೇನು?"

ನಾನು ಬೆಂಚಿನ ತುದಿಯಲ್ಲಿ ಕೂತೆ. ಹಳೆಯ ಬಟ್ಟೆ ಇರುವ ತನಕ ಎಂಜಿನ್ ಕೈಕೊಡುವುದಿಲ್ಲ. ಸುಮ್ಮನೆ ಚಹಾ ಕುಡಿದು ಹಿಂದಿರುಗಬಹುದಿತ್ತು. ಒಂದು ಗಳಿಗೆ ಹಾಗೆ ಮಾಡುವ ಮನಸ್ಸೂ ಬಂತು. ಅಷ್ಟರಲ್ಲಿ ಹೊಳೆಮ್ಮ ಮಡಿಲಲ್ಲಿದ್ದ ಚೀಲ ತಟ್ಟಿ ಹೇಳಿದಳು.

"ಇರ್ಲಿ. ಹೊಸ ಅರಿವಿ ಇಲ್ಲೇ ಇಟ್ಕೊಂಡೀನಿ. ಊರಾಗ ನಮ್ಮಣ್ಣನ ಕೈಲೆ ತೊಳಸಿ, ಇದನ್ನ ಕಟ್ಟಿಸೇ ವಾಪಸ್ ಬರೋದು."

ಅಂದರೆ ಎಂಜಿನ್ ಕೈಕೊಡುವುದು ಇಳಿಯುವಾಗ, ಸಂಜೆ, ಲಾರಿಗಳ ನಡುವೆ.

"ನನ್ನಿಂದ ತಪ್ಪಾಗೈತ್ರಿ ಭರಮಣ್ಣ," ಎಂದೆ. ಬಾಯಿಂದ ಹೇಳಿದರೆ ಅವನಿಗೆ ಅರ್ಥವಾಗಲಿಲ್ಲ. "ಹೊಲಿಗಿ ಮಷೀನ್ ಹಂಗ ನಡ್ಯಾಕತ್ತೈತಿ, ತಪ್ಪು ಎಲ್ಲಿಂದ ಬಂತು?" ಎಂದು ನಕ್ಕ. ಎದ್ದು ಬೈಕು ಚಾಲೂ ಮಾಡಿದೆ. ಹಳೆಯ ಬಟ್ಟೆ ಬಿಚ್ಚಿದೆ. ಆಕ್ಸಿಲರೇಟರನ್ನು ಒಮ್ಮೆಲೇ ತಿರುಗಿಸಿದೆ. ಎಂಜಿನ್ ಗುಕ್ ಎಂದು ನಿಂತುಹೋಯಿತು.

ಭರಮಣ್ಣನ ನಗು ನಿಂತಿತು. ಅವನು ರಸ್ತೆ ನೋಡಿದ, ಆಮೇಲೆ ಮಗಳನ್ನು ನೋಡಿದ.

"ಇದನ್ನ ಹೇಳಾಕ ಅಲ್ಲಿಂದ ಬಂದ್ರಾ?"

"ಫೋನ್ ಹತ್ತಲಿಲ್ರಿ."

ಭರಮಣ್ಣ ಅಂಗಡಿಯವನಿಗೆ, "ಇವ್ರಿಗೆ ನಾಕು ಮಿರ್ಚಿ ಕೊಡಪ್ಪ, ಬಿಸಿವು," ಎಂದ. ನನ್ನ ಕಡೆ ತಿರುಗಿ, "ಮಾಡ್ರಿ ಮತ್ತ. ಈ ಸಲ ಗಡಿಯಾರ ನೋಡಬ್ಯಾಡ್ರಿ," ಎಂದ. ನಿನ್ನೆ ನಾನು ಗಡಿಯಾರ ನೋಡಿದ್ದನ್ನು ಅವನು ಗಮನಿಸಿದ್ದ.

ಕಾರ್ಬುರೇಟರಿನ ಮುಚ್ಚಳ ತೆಗೆದು ಸೂಜಿಯನ್ನು ಮೊದಲಿನ ಗೀರಿಗೆ ಏರಿಸಿದೆ. ಸ್ಕ್ರೂ ಪೂರ್ತಿ ಮುಚ್ಚಿ ಎರಡು ಸುತ್ತು ತೆರೆದೆ. ಲಾರಿಗಳ ಗದ್ದಲದಲ್ಲಿ ಎಂಜಿನ್ ಸದ್ದು ಕೇಳುತ್ತಿರಲಿಲ್ಲ. ಒಂದು ಲಾರಿ ಹೋಗಿ ಇನ್ನೊಂದು ಬರುವ ಬಿಡುವಿಗೆ ಕಾಯುತ್ತ, ಕಾಲು ಸುತ್ತು, ಅರ್ಧ ಕಾಲು ಸುತ್ತು ಎಂದು ತಿರುಗಿಸಿದೆ. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಹೊಳೆಮ್ಮನ ಹೊಸ ಬಟ್ಟೆ ಕಟ್ಟಿ, ಹತ್ತು ಸಲ ಆಕ್ಸಿಲರೇಟರ್ ತಿರುಗಿಸಿದೆ. ಹತ್ತೂ ಸಲ ಎಂಜಿನ್ ತಡೆಯಿಲ್ಲದೆ ಏರಿತು. ಸದ್ದು ಹೊಲಿಗೆ ಯಂತ್ರದಷ್ಟು ನುಣುಪಾಗಿರಲಿಲ್ಲ.

"ಲೀಟರಿಗೆ ಐವತ್ತು ಬರ್ತೈತಿ. ಅರವತ್ತು ಕೇಳಬ್ಯಾಡ್ರಿ," ಎಂದೆ.

"ಐವತ್ತು ಭಾಳಾತು."

ಏರು ಮುಗಿಯುವ ತನಕ ಅವರ ಹಿಂದೆಯೇ ಹೋದೆ. ಒಂದು ಕಡೆ ಭರಮಣ್ಣ ಬಲಕ್ಕೆ ಹೊರಳಿ ಲಾರಿಯನ್ನು ದಾಟತೊಡಗಿದ. ಬೈಕು ಮೂವರನ್ನೂ ಹೊತ್ತು ಒಂದೇ ಎಳೆತಕ್ಕೆ ಮುಂದೆ ಹೋಗಿ, ಎಡಕ್ಕೆ ಸೇರಿಕೊಂಡಿತು. ಅಲ್ಲೇ ನಿಲ್ಲಿಸಿ ಜೇಬಿನ ಕೊಬ್ಬರಿ ತೆಗೆದು ತಿಂದೆ. ಧೂಳು ಸೇರಿದ್ದರೂ ಸಿಹಿಯಾಗಿತ್ತು.

ಗ್ಯಾರೇಜಿಗೆ ಬಂದಾಗ ಎರ್ರಿಯಪ್ಪ ಇನ್ನೂ ಬೆಂಚಿನ ಮೇಲೆ ಕೂತಿದ್ದರು.

"ಲೇ, ನನ್ನ ಬೈಕಿನ ಅರಿವಿ ಬಿಚ್ಚಿಟ್ಟು ಎಲ್ಲಿ ಹಾಳಾಗಿ ಹೋಗಿದ್ದೆ?"

"ಬಿಚ್ಚೀನಲ್ರಿ ಅಜ್ಜಾರ?" ಎಂದು ಕೇಳಿದೆ.

"ಹುಚ್ಚು ಹಿಡದೈತೇನಲೇ ನಿನಗ? ಅಲ್ಲೇ ಐತಿ ನೋಡು, ನಿನ್ನ ಕಾಲ ಬುಡಕ."

ಹೊರಡುವ ಗಡಿಬಿಡಿಯಲ್ಲಿ ಕೈಯಿಂದ ಜಾರಿ ಬಿದ್ದಿದ್ದ ಬಟ್ಟೆಯನ್ನು ಎತ್ತಿ ಮೊಳೆಗೆ ಹಾಕಿದೆ. ಕೆಳಗೆ ಕೆಂಪು ಧೂಳು ಉದುರಿತು. ಎರಡು ಸಲ ನೋಡಿಕೊಂಡು, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.