ಕಪುವಾಸ್ ದಂಡೆಯ ಮರದ ಫಿರಂಗಿ

ನಾನು ಒಂದು ಮರದ ಫಿರಂಗಿ. ನಗಬೇಡಿ. ಬೋರ್ನಿಯೊ ದ್ವೀಪದ ಒಳಕಾಡಿನಲ್ಲಿ ಮರವಾಗಿ ಹುಟ್ಟಿ, ದಿಮ್ಮಿಯಾಗಿ ಕಪುವಾಸ್ ನದಿಯಲ್ಲಿ ತೇಲಿಕೊಂಡು, ಭೂಮಧ್ಯರೇಖೆಯ ಮೇಲಿರುವ ಪೊಂಟಿಯಾನಕ್ ಊರಿಗೆ ಬಂದವನು. ಸಬ್ರಾನ್ ಎಂಬ ದೋಣಿಗಾರ ನನ್ನನ್ನು ಉದ್ದಕ್ಕೆ ಸೀಳಿ, ಒಳಗೆಲ್ಲ ಕೊರೆದು, ಮತ್ತೆ ಜೋಡಿಸಿ ಬೆತ್ತದಿಂದ ಬಿಗಿದ.

ಎರಡು ನದಿಗಳು ಕೂಡುವ ಈ ಜಾಗದಲ್ಲಿ ಹಿಂದೆ ಬರೀ ದೆವ್ವಗಳಿದ್ದವಂತೆ. ಮೊದಲ ಸುಲ್ತಾನ ಫಿರಂಗಿ ಹಾರಿಸಿ ಅವನ್ನು ಓಡಿಸಿ ಊರು ಕಟ್ಟಿದನಂತೆ. ಆ ನೆನಪಿಗೆ ರಂಜಾನ್ ಹಬ್ಬದ ಹೊತ್ತಿಗೆ ಎರಡೂ ದಂಡೆಗಳವರು ನಮ್ಮಂಥ ಮರದ ಫಿರಂಗಿಗಳನ್ನು ಹಾರಿಸುತ್ತಾರೆ. ಗುಂಡಿಲ್ಲ, ಕಾರ್ಬೈಡ್ ಕಲ್ಲಿಗೆ ನೀರು ಬಿದ್ದು ಏಳುವ ಅನಿಲ, ಅದಕ್ಕೊಂದು ಕಿಡಿ, ಅಷ್ಟೇ. ಒಂದು ದಂಡೆ ಗುಡುಗಿದರೆ ಇನ್ನೊಂದು ಉತ್ತರ ಕೊಡಲೇಬೇಕು. ಹಬ್ಬ ಮುಗಿದರೆ, ಮರ ಬಿರುಕು ಬಿಡದಿರಲೆಂದು ನಮ್ಮನ್ನು ವರ್ಷವಿಡೀ ನದಿಯ ಕೆಸರಿನಲ್ಲಿ ಮುಳುಗಿಸಿಡುತ್ತಾರೆ. ಅಲ್ಲಿ ಮೀನುಗಳ ಕಾಟ ಹೇಳತೀರದು.

ಸಬ್ರಾನನ ಒಬ್ಬಳೇ ಮಗಳು ರುಸ್ಮಿನಿ. ಅವಳು ಅಪ್ಪನಿಗೆ ಪೈಪೋಟಿ ಕೊಡುವ ಎದುರು ದಂಡೆಯ ಫಿರಂಗಿಯವನನ್ನೇ ಮೆಚ್ಚಿ ಮದುವೆಯಾದಳು. ಅಪ್ಪ ಮಾತು ಬಿಟ್ಟ. ಆದರೆ ಹಬ್ಬ ಬಂದರೆ ನನ್ನ ಬಾಯನ್ನು ಅವಳ ಮನೆಯ ಕಡೆಗೇ ತಿರುಗಿಸುತ್ತಿದ್ದ. ಆ ಕಡೆಯಿಂದ ಉತ್ತರ ಬಂದ ಮೇಲೆಯೇ ಊಟಕ್ಕೆ ಏಳುತ್ತಿದ್ದ. ಹಠಮಾರಿ! ನೋಡಿ ನೋಡಿ ನನಗೇ ಬೇಸರ ಬಂದಿತ್ತು.

ಒಂದು ವರ್ಷ ಹಬ್ಬ ಹತ್ತಿರವಾದರೂ ನನ್ನನ್ನು ಎತ್ತಲು ಯಾರೂ ಬರಲಿಲ್ಲ. ಸಬ್ರಾನ್ ಹಾಸಿಗೆ ಹಿಡಿದಿದ್ದ. ಕಿವಿಯೂ ಹೋಗಿತ್ತು, ಅದು ನನ್ನದೇ ಕೊಡುಗೆ. ಎದುರು ದಂಡೆಯವರು ಗುಡುಗಿಸಿ ಕಾದರು. ನನ್ನನ್ನು ಇಟ್ಟು ಹಾರಿಸುವ ಕಟ್ಟೆ ಖಾಲಿಯಿತ್ತು.

ಮರುದಿನ ಬೆಳಿಗ್ಗೆ ರುಸ್ಮಿನಿ ದೋಣಿಯಲ್ಲಿ ಬಂದಳು. ಅಪ್ಪನ ಮನೆಯೊಳಗೆ ಹೋಗಲು ಧೈರ್ಯ ಸಾಲದೆ ನೇರವಾಗಿ ನೀರಿಗಿಳಿದಳು. ಅಪ್ಪ ನನ್ನನ್ನು ಎಲ್ಲಿ ಮುಳುಗಿಸುತ್ತಾನೆಂದು ಚಿಕ್ಕಂದಿನಿಂದ ನೋಡಿದವಳು. ಕಾಲಿನಿಂದ ತಡಕಿ ಕಂಡುಹಿಡಿದಳು. ನೆರೆಯವರು ಹಗ್ಗ ಹಾಕಿ ಎಳೆದರು, ಹೊಸ ಬೆತ್ತ ಸುತ್ತಿದರು. ಹಬ್ಬದ ಹಿಂದಿನ ಸಂಜೆ ಅವಳೇ ಕಿಡಿ ಹಚ್ಚಿದಳು. ನಾನು ಎದೆ ಬಿರಿಯುವಂತೆ ಗುಡುಗಿದೆ.

ಕಂಬಗಳ ಮೇಲೆ ನಿಂತ ಮನೆ. ಹಲಗೆಯ ನೆಲ ಅದುರಿತು. ಮಲಗಿದ್ದ ಸಬ್ರಾನನ ಬೆನ್ನಿಗೆ ಗೊತ್ತಾಯಿತು.

"ಇದು ನಮ್ದೇ! ಯಾರು ಹಚ್ಚಿದ್ದು?" ಎಂದು ಕೂಗಿದ.

ಬಾಗಿಲಲ್ಲಿ ರುಸ್ಮಿನಿ ಮಸಿ ಹಿಡಿದ ಅಂಗೈಗಳನ್ನು ಚಾಚಿ ನಿಂತಿದ್ದಳು. ಅವನು ಮೊಣಕೈ ಊರಿ ಎದ್ದು ಆ ಮಸಿಯನ್ನು ನೋಡಿದ.

"ಕಾರ್ಬೈಡ್ ಕಮ್ಮಿ ಹಾಕಿದೀಯ," ಎಂದ. "ಬಾ, ಊಟ ಮಾಡೋಣ."

ಈಗ ನಾನು ಮುದುಕ. ಬಿರುಕು ಬಿಟ್ಟ ನನ್ನನ್ನು ಆ ಮನೆಯ ಮುಂದೆ ನೀರಿಗಿಳಿಯುವ ಮೆಟ್ಟಿಲು ಮಾಡಿದ್ದಾರೆ. ರುಸ್ಮಿನಿ ಅಪ್ಪನನ್ನು ನೋಡಲು ಬಂದಾಗಲೆಲ್ಲ ಅವಳ ದೋಣಿ ನನಗೆ ಮೆಲ್ಲಗೆ ತಾಗುತ್ತದೆ. ಒಳಗಿರುವ ಸಬ್ರಾನನಿಗೆ ಆ ಸದ್ದು ಕೇಳುವುದಿಲ್ಲ. ಅವನ ಕಿವಿ ಕಳೆದವನು ನಾನು. ಅವನ ಪಾಲಿಗೂ ಸೇರಿಸಿ ನಾನೇ ಕೇಳಿಸಿಕೊಳ್ಳುತ್ತೇನೆ.