ಅರ್ಧ ಮುಖದ ಫೋಟೋ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೊಟ್ಟೂರಪ್ಪನವರ ಸ್ಟುಡಿಯೋದಲ್ಲಿ ನಾನು ಇಪ್ಪತ್ಮೂರು ವರ್ಷ ಟಚಿಂಗ್ ಕೆಲಸ ಮಾಡಿದೆ. ಫೋಟೋ ತೆಗೆಯುವವರು ಅವರು, ತೆಗೆದದ್ದನ್ನು ತಿದ್ದುವವನು ನಾನು. ಸಿಡುಬಿನ ಕಲೆ ಅಳಿಸುವುದು, ಮುಚ್ಚಿದ ಕಣ್ಣು ತೆರೆಸುವುದು ದಿನದ ಕೆಲಸ. ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ಜೋಡಣೆ. ಇಬ್ಬರೂ ಕೂಡಿ ಒಂದು ಫೋಟೋ ತೆಗೆಸಿಕೊಂಡಿಲ್ಲ ಅನ್ನುವುದು ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ನೆನಪಾಗುತ್ತದೆ. ಆತನನ್ನು ಯಾವುದೋ ಗುಂಪು ಫೋಟೋದಿಂದ ಬ್ಲೇಡಿನಲ್ಲಿ ಬಿಡಿಸಿ, ಆಕೆಯ ಪಕ್ಕ ಕೂರಿಸಿ, ಅಂಚು ಕಾಣದಂತೆ ಬಣ್ಣ ಹಚ್ಚಿ, ಅದನ್ನೇ ಮತ್ತೆ ಕ್ಯಾಮೆರಾದಲ್ಲಿ ಹಿಡಿದರೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಂತೆ ಬರುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ‘ಹಾಲಸಿದ್ದಪ್ಪ ಸತ್ತವರನ್ನ ಕರಕೊಂಡು ಬರ್ತಾನ’ ಅನ್ನುತ್ತಿದ್ದರಂತೆ. ಆ ಮಾತು ಕೇಳಿದಾಗ ನನಗೆ ಖುಷಿಯಾಗುತ್ತಿತ್ತು. ಸುಳ್ಳು ಹೇಳಲಾರೆ.

ಸಾವಿರದ ಒಂಬೈನೂರ ಎಪ್ಪತ್ತಾರರ ಹೊತ್ತಿಗೆ ನನ್ನ ಕಣ್ಣು ಕೈಕೊಡತೊಡಗಿತು. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಕನ್ನಡಕದಿಂದ ಆಗುವುದಲ್ಲ, ಇರುವಷ್ಟು ದಿನ ಇದ್ದೀತು ಎಂದರು ಡಾಕ್ಟರು. ಕೊಟ್ಟೂರಪ್ಪನವರಿಗೆ ಹೇಳಿದೆ. ‘ಹಂಗಾರ ಯಾರಿಗರ ಕಲಿಸು ಮಾರಾಯ’ ಎಂದರು. ಕಲಿಯಲು ಬಂದ ಇಬ್ಬರೂ ತಿಂಗಳೊಳಗೆ ಬಿಟ್ಟು ಹೋದರು. ಅಂಥ ದಿನಗಳಲ್ಲಿ ಜಡೆಮ್ಮ ಬಂದಳು.

ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು. ಗಂಡ ಪಕ್ಕೀರಪ್ಪ ಕುರುಗೋಡಿನವನು, ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿ ಹತ್ತಿಯ ಮೂಟೆ ಹೊರುತ್ತಿದ್ದ. ಆಕೆ ಮನೆಯಲ್ಲಿ ಕೂತು ರೆಡಿಮೇಡ್ ಅಂಗಡಿಗಳ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಸೆರಗಿನೊಳಗಿಂದ ಒಂದು ಫೋಟೋ ತೆಗೆದು ನನ್ನ ಮುಂದಿಟ್ಟಳು. ಸಿರುಗುಪ್ಪದ ತವರುಮನೆಯಲ್ಲಿ ತಂಗಿಯ ಮದುವೆಯಾದಾಗ ತೆಗೆದದ್ದು. ಹದಿನಾಲ್ಕು ಜನ. ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ಎರಡು ವರ್ಷದ ಕೂಸು, ನೆಟ್ಟಗೆ ಕ್ಯಾಮೆರಾ ನೋಡುತ್ತಿತ್ತು. ಪಕ್ಕದಿಂದ ಒಂದು ಬಳೆತೊಟ್ಟ ಕೈ ಬಂದು ಅದರ ಅರ್ಧ ಮುಖ ಮುಚ್ಚಿತ್ತು.

‘ನನ್ನ ಮಗಳ್ರಿ, ಜಂಬಿ’ ಎಂದಳು. ‘ದಡಾರ ಬಂದು ತೀರಿಕೊಂಡ್ಲು. ಬ್ಯಾರೆ ಫೋಟೋ ಇಲ್ಲ. ಇದರಾಗಿಂದ ಆಕಿನ್ನ ಒಬ್ಬಾಕಿನ್ನ ಬಿಡಿಸಿ ದೊಡ್ಡದು ಮಾಡಿಕೊಡ್ರಿ ಅಣ್ಣಾರ.’

‘ಈ ಕೈ ಯಾರ್ದು?’

‘ನಂದ ರಿ. ಕಾಡಿಗಿ ಹರಡಿತ್ತು, ಒರಸಾಕ ಹೋಗಿದ್ದೆ. ಅಷ್ಟೊತ್ತಿಗೆ ಫೋಟೋದವ ತೆಗದುಬಿಟ್ಟ.’

ನಾನು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದೆ. ಆಕೆಯೇ ಮುಂದುವರಿದಳು. ‘ಕೈ ತೆಗದುಬಿಡ್ರಿ. ಕೆಳಗ ಆಕಿ ಮುಖ ಇರ್ತೈತಲ್ಲ.’

ಹಾಗೆ ಕೇಳಿದವರಲ್ಲಿ ಆಕೆ ಮೊದಲಿನವಳಲ್ಲ. ಕಾಗದದ ಮೇಲೆ ಮುಂದೊಬ್ಬರು ಹಿಂದೊಬ್ಬರು ಕಂಡರೆ, ಮುಂದಿನವರನ್ನು ಸರಿಸಿದರೆ ಹಿಂದಿನವರು ಸಿಗುತ್ತಾರೆ ಅನ್ನಿಸುವುದು ಸಹಜ. ‘ಇಲ್ಲ ತಂಗಿ’ ಎಂದೆ. ‘ಫೋಟೋದಾಗ ಹಿಂದ ಅನ್ನೋದು ಇರಂಗಿಲ್ಲ. ಕೈ ಕತ್ತರಿಸಿದ್ರ ಕೆಳಗ ತೂತು ಬೀಳ್ತೈತಿ, ಅಷ್ಟ. ಅಲ್ಲಿ ಏನರ ಇಡಬೇಕಂದ್ರ ನಾವು ಬ್ಯಾರೆ ಕಡಿಂದ ತಂದು ಇಡಬೇಕು.’

‘ಹಂಗಾರ ತಂದು ಇಡ್ರಿ.’

‘ನನ್ನ ಕಣ್ಣು ನೆಟ್ಟಗಿಲ್ಲ. ಕೂಸಿನ ಮುಖ ಹೆಬ್ಬೆಟ್ಟಿನ ಉಗುರಿನಷ್ಟೈತಿ. ನನ್ನಿಂದ ಆಗಂಗಿಲ್ಲ.’

ಆಕೆ ಎದ್ದು ಹೋಗಲಿಲ್ಲ. ಮೇಜಿನ ಮೇಲಿದ್ದ ಬ್ಲೇಡು, ಕುಂಚ, ಗೋಂದಿನ ಬಟ್ಟಲು ನೋಡುತ್ತ ಕೂತಳು. ‘ನಾ ಮಾಡ್ತೀನಿ, ಕಲಿಸಿಕೊಡ್ರಿ’ ಎಂದಳು. ಒಳಗಿನಿಂದ ಕೊಟ್ಟೂರಪ್ಪನವರು ‘ಕಲೀಲಿ ಬಿಡಪ್ಪ, ಗಂಡಸರು ಕಲಿತದ್ದು ನೋಡೀವಲ್ಲ’ ಎಂದರು.

ಮರುದಿನದಿಂದ ಮಧ್ಯಾಹ್ನ ಎರಡಕ್ಕೆ ಬರತೊಡಗಿದಳು. ಕೆಟ್ಟುಹೋದ ಪ್ರಿಂಟುಗಳ ಒಂದು ಕಟ್ಟು ಕೊಟ್ಟೆ. ಮೊದಲ ವಾರ ಬ್ಲೇಡು ಮುಟ್ಟಿಸಲಿಲ್ಲ. ಯಾರನ್ನು ಬಿಡಿಸಬೇಕೋ ಅವರ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕು ಎಂದೆ. ಯಾವುದು ಅವರದು, ಯಾವುದು ಹಿಂದಿನ ಗೋಡೆಯದು ಅಂತ ಮೊದಲು ಕಣ್ಣು ತೀರ್ಮಾನ ಮಾಡಬೇಕು. ಕಲಿಯುವವರೆಲ್ಲ ಆತುರದಲ್ಲಿ ಕಿವಿ ಬಿಡುತ್ತಾರೆ, ಬೆರಳ ಸಂದಿಯ ಗೋಡೆಯನ್ನು ಹಾಗೇ ಉಳಿಸುತ್ತಾರೆ. ಜಡೆಮ್ಮನೂ ಬಿಟ್ಟಳು. ಮೋಕಾ ಊರಿನ ಯಾರೋ ಗೌಡರ ಕಿವಿ ಮೂರು ಸಲ ಹೋಯಿತು.

ಆಮೇಲೆ ಬ್ಲೇಡು. ಕೈ ತಿರುಗಿಸಬೇಡ, ಕಾಗದ ತಿರುಗಿಸು. ಕೂದಲನ್ನು ಕೂದಲಿನಷ್ಟೇ ಕತ್ತರಿಸಲು ಹೋಗಬೇಡ. ಒಂದು ಕಾಳಿನಷ್ಟು ಹೊರಗೆ ಬಿಟ್ಟು ಕತ್ತರಿಸಿ, ಆಮೇಲೆ ಕುಂಚದಲ್ಲಿ ಎಳೆ ಎಳೆಯಾಗಿ ಹಿನ್ನೆಲೆಗೆ ಎಳೆ. ಬಿಡಿಸಿದ ತುಂಡನ್ನು ಬೋರಲು ಹಾಕಿ ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಬೇಕು. ಇಲ್ಲದಿದ್ದರೆ ಅಂಟಿಸಿದ ಮೇಲೆ ನೆರಳು ಬೀಳುತ್ತದೆ. ಅಂಟಿಸುವಾಗ ಹಿಂದಿನವರು ಮೊದಲು, ಮುಂದಿನವರು ಆಮೇಲೆ. ಆಕೆ ಒಮ್ಮೆ ಅದನ್ನು ತಿರುವುಮುರುವು ಮಾಡಿ ಮದುಮಗನ ಎದೆಯ ಮೇಲೆ ಕುರ್ಚಿಯ ಬೆನ್ನು ತಂದಳು. ಇಬ್ಬರೂ ನಕ್ಕೆವು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾಲ್ಕು ತಿಂಗಳಲ್ಲಿ ಕೈ ಕೂತಿತು. ಕಾಜಾ ಹೊಲಿದ ಬೆರಳು, ನಡುಗುತ್ತಿರಲಿಲ್ಲ. ನನಗಿಂತ ಚೆನ್ನಾಗಿ ಮಾಡುತ್ತಾಳೆ ಅಂತ ಅನ್ನಿಸಿದ ದಿನ ‘ಇನ್ನ ನಿನ್ನ ಮಗಳ ಫೋಟೋ ಹೊರಗ ತೆಗಿ’ ಎಂದೆ.

ಅದಕ್ಕೆ ಮೊದಲು ಸಿರುಗುಪ್ಪಕ್ಕೆ ಹೋಗಿಬರೋಣ ಎಂದಳು. ಆವತ್ತು ಫೋಟೋದವನು ಎರಡು ಸಲ ತೆಗೆದಂತೆ ಆಕೆಗೆ ನೆನಪು. ಇನ್ನೊಂದರಲ್ಲಿ ಕೈ ಇರಲಿಕ್ಕಿಲ್ಲ. ಪಕ್ಕೀರಪ್ಪನೂ ಮಿಲ್ಲಿಗೆ ರಜೆ ಹಾಕಿ ಬಂದ. ಮೂವರೂ ಬಸ್ಸು ಹತ್ತಿದೆವು. ತೆಕ್ಕಲಕೋಟೆ ದಾಟುವವರೆಗೆ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ‘ಎರಡನೇದು ಸಿಕ್ಕರ ಬ್ಲೇಡು ಹಚ್ಚೋದ ಬ್ಯಾಡ ಅಲ್ರಿ?’ ಎಂದಳು. ‘ಬ್ಯಾಡ’ ಎಂದೆ.

ಫೋಟೋ ತೆಗೆದಿದ್ದ ಮೂಕಪ್ಪ ತನ್ನ ಅಂಗಡಿಯ ಬಾಗಿಲಲ್ಲೇ ಕೂತಿದ್ದ. ಮದುವೆಯ ವಿಷಯ ಹೇಳಿದೊಡನೆ ಗುರುತು ಹಿಡಿದ. ‘ಹೌದ್ರಿ, ಎರಡು ತೆಗದಿದ್ದೆ. ಎರಡನೇದರಾಗ ಕೂಸು ನಕ್ಕಿತ್ತು, ಆದ್ರ ಮದುಮಗಳು ಕಣ್ಣು ಮುಚ್ಚಿದ್ಲು. ಅದಕ್ಕ ಮೊದಲನೇದನ್ನ ಹಾಕಿ ಕೊಟ್ಟೆ.’

‘ನೆಗೆಟಿವ್ ಐತೇನು?’ ಎಂದೆ.

ಮೂಕಪ್ಪ ತಲೆ ಕೆರೆದುಕೊಂಡ. ‘ಹಳೇವೆಲ್ಲ ದೀಪಾವಳಿಗೆ ತೂಕಕ್ಕ ಹಾಕಿಬಿಟ್ಟೆ. ಅದರಾಗಿನ ಬೆಳ್ಳಿ ತೆಗಿಯಾಕ ಆದೋನಿಂದ ಒಬ್ಬ ಬರ್ತಾನ. ಎರಡು ಡಬ್ಬಿ ಇದ್ವು.’ ಜಡೆಮ್ಮನ ಮುಖ ನೋಡಿ, ‘ನಮಗೇನು ಗೊತ್ತಿತ್ತವ್ವ’ ಎಂದ.

ಆಕೆ ಒಂದೇ ಮಾತು ಕೇಳಿದಳು. ‘ಹೆಂಗ ನಕ್ಕಿತ್ತು?’

ಎಲ್ಲ ಕೂಸುಗಳು ನಗುವ ಹಾಗೆ ನಕ್ಕಿತ್ತು ಎಂದ ಅವನು. ಅಂದೇ ಬಸ್ಸಿನಲ್ಲಿ ವಾಪಸ್ಸು ಬಂದೆವು.

ಉಳಿದದ್ದು ಒಂದೇ ದಾರಿ. ಅದನ್ನು ಹೇಳಿಕೊಟ್ಟವನು ನಾನೇ. ಮದುವೆ ಫೋಟೋವನ್ನು ಕೊಟ್ಟೂರಪ್ಪನವರು ಕ್ಯಾಮೆರಾದಲ್ಲಿ ಹಿಡಿದು ಹೊಸ ನೆಗೆಟಿವ್ ಮಾಡಿದರು. ಅದರಿಂದ ಕೂಸಿನ ಮುಖ ಅಂಗೈಯಷ್ಟು ದೊಡ್ಡದಾಗಿ ಒಂದು ಪ್ರಿಂಟು. ನೆಗೆಟಿವ್ ಮಗುಚಿ ಹಾಕಿ, ಎಡ ಬಲವಾಗುವಂತೆ ಇನ್ನೊಂದು. ಕಾಣುವ ಅರ್ಧವನ್ನೇ ಕನ್ನಡಿಯಲ್ಲಿ ತಿರುಗಿಸಿ ಕಾಣದ ಅರ್ಧಕ್ಕೆ ಇಡುವುದು. ‘ಎಲ್ಲಾರ ಮುಖಾನೂ ಎರಡು ಕಡೆ ಹೆಚ್ಚುಕಮ್ಮಿ ಒಂದ ಇರ್ತೈತಿ’ ಎಂದೆ. ಅದು ಪೂರ್ತಿ ನಿಜವಲ್ಲ ಅಂತ ನನಗೆ ಗೊತ್ತಿತ್ತು.

ಬ್ಲೇಡು ಹಚ್ಚುವಾಗ ಆಕೆ ಸ್ವಲ್ಪ ಹೊತ್ತು ತಡೆದಳು. ಕತ್ತರಿಸಬೇಕಾದದ್ದು ತನ್ನದೇ ಕೈ. ಮಣಿಕಟ್ಟು, ಬಳೆ, ಕೂಸಿನ ಕಣ್ಣಿನ ಹತ್ತಿರ ಬಂದಿದ್ದ ಹೆಬ್ಬೆರಳು. ಒಂದೇ ಎಳೆತಕ್ಕೆ ಬಿಡಿಸಿ ಪಕ್ಕಕ್ಕಿಟ್ಟಳು. ಹಣೆಯಿಂದ ಮೂಗಿನ ಮೇಲೆ ಹಾದು ಗದ್ದದವರೆಗೆ ಬೆಸುಗೆ. ನನಗೆ ಕಾಣುತ್ತಿರಲಿಲ್ಲ, ಬೆರಳ ತುದಿ ಆಡಿಸಿ ಎಲ್ಲಿ ಅಂಚು ಎದ್ದಿದೆ ಅಂತ ಹೇಳುತ್ತಿದ್ದೆ, ಆಕೆ ಉಜ್ಜುತ್ತಿದ್ದಳು. ಹನ್ನೊಂದು ದಿನ ಹಿಡಿಯಿತು. ಕೊನೆಯ ಪ್ರಿಂಟನ್ನು ಕೊಟ್ಟೂರಪ್ಪನವರು ಬೆಳಕಿಗೆ ಹಿಡಿದು, ಇಷ್ಟು ವರ್ಷದಲ್ಲಿ ಇಂಥ ಜೋಡಣೆ ನೋಡಿಲ್ಲ ಎಂದರು.

ಜಡೆಮ್ಮ ಬಹಳ ಹೊತ್ತು ನೋಡಿದಳು. ‘ಚಂದ ಆಗೈತ್ರಿ. ಆದ್ರ ಇದು ಆಕಿ ಅಲ್ಲ.’

‘ಏನು ಬ್ಯಾರೆ ಐತಿ ಹೇಳು, ತಿದ್ದೋಣು.’

‘ಆಕಿಗೆ ಕೆನ್ನಿ ಮ್ಯಾಲೆ ಒಂದು ಕುಳಿ ಇತ್ತು. ಒಂದ ಕಡಿಗೆ. ಸಣ್ಣದು, ಫೋಟೋದಾಗ ಎದ್ದು ಕಾಣಂಗಿಲ್ಲ.’

‘ಯಾವ ಕಡಿಗೆ?’

ಆಕೆ ತನ್ನ ಎಡಗೆನ್ನೆ ಮುಟ್ಟಿಕೊಂಡಳು. ಆಮೇಲೆ ಬಲಗೆನ್ನೆ. ಎದುರಿಗೆ ಕೂಸು ಇದ್ದಂತೆ ಕೈ ಚಾಚಿ, ಮತ್ತೆ ಹಿಂದೆಗೆದಳು. ಬಾಗಿಲಲ್ಲಿ ನಿಂತಿದ್ದ ಪಕ್ಕೀರಪ್ಪನನ್ನು ಕೇಳಿದೆ. ‘ಬಲಕ್ಕ ಇತ್ರಿ’ ಎಂದ. ‘ಅಲ್ಲ, ನಾ ಎತ್ತಿಕೊಂಡಾಗ ಈ ಕಡಿಗೆ ಬರತಿತ್ತು’ ಎಂದಳು ಆಕೆ. ಅವನು ಒಪ್ಪಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೂ ಗಟ್ಟಿಯಾಗಿ ಹೇಳಲಾರದೆ ಹೋದ. ಕುಳಿ ಬರೆಯಲಿಲ್ಲ.

ಪಕ್ಕೀರಪ್ಪ ಫೋಟೋಕ್ಕೆ ಚೌಕಟ್ಟು ಹಾಕಿಸಿ ಕುರುಗೋಡಿಗೆ ಒಯ್ದ. ಅವನ ತಾಯಿ ಮಾರೆಮ್ಮ ಅದನ್ನು ಎದೆಗವಚಿಕೊಂಡು ‘ನಮ್ಮ ಜಂಬಿನ ಬಂದಂಗಾತು’ ಅಂತ ಅತ್ತಳಂತೆ. ಓಣಿಯವರೆಲ್ಲ ಬಂದು ಗುರುತು ಹಿಡಿದರಂತೆ. ಪಡಸಾಲೆಯಲ್ಲಿ ಮೊಳೆ ಹೊಡೆದು ತೂಗುಹಾಕಿ, ಸೋಮವಾರಕ್ಕೊಮ್ಮೆ ಹೂವು ಏರಿಸತೊಡಗಿದರು.

ಜಡೆಮ್ಮನನ್ನು ಕೊಟ್ಟೂರಪ್ಪನವರು ಕೆಲಸಕ್ಕೆ ಇಟ್ಟುಕೊಂಡರು. ನಾನು ಹೇಳುವುದು, ಆಕೆ ಮಾಡುವುದು. ಬರಬರುತ್ತ ಹೇಳುವುದೂ ಬೇಕಾಗಲಿಲ್ಲ. ಆರೇಳು ತಿಂಗಳಾಗಿರಬೇಕು. ಕೆಲಸದ ನಡುವೆ ಕುಂಚ ಕೆಳಗಿಟ್ಟು ಕೇಳಿದಳು.

‘ಅಣ್ಣಾರ, ಮೊದಲು ಕಣ್ಣು ಮುಚ್ಚಿದ್ರ ಆಕಿ ಬರತಿದ್ಲು. ಈಗ ಫೋಟೋದಾಕಿ ಬರ್ತಾಳ. ಎರಡೂ ಕಡೆ ಒಂದ ನಮೂನಿ ಇರಾಕಿ. ಆಕಿ ಮ್ಯಾಲೆ ಈಕಿ ಕುಂತುಬಿಟ್ಟಾಳ. ಹೆಂಗ ತೆಗಿಯೋದ್ರಿ ಇದನ್ನ?’

ಫೋಟೋ ಕೆಳಗಿಳಿಸಲು ಅತ್ತೆಗೆ ಹೇಳು ಎಂದೆ. ಹೇಳಿದ್ದಳಂತೆ. ಸತ್ತ ಮಗಳ ಮುಖ ನೋಡಲೊಲ್ಲದ ತಾಯಿ ಎಂಥವಳು ಅಂದಳಂತೆ ಮಾರೆಮ್ಮ. ‘ದಿನಾ ಹೋದಂಗ ಸರಿ ಹೋಗ್ತೈತಿ’ ಎಂದೆ. ಅದೂ ಸುಳ್ಳೇ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆಕೆ ಕುಂಚ ಎತ್ತಿಕೊಂಡಳು.

ಅದಾದ ಮೇಲೆ ಜೋಡಣೆಗೆ, ಸತ್ತವರ ಮುಖ ತಿದ್ದಿಸಲು ಬಂದವರನ್ನು ಆಕೆ ವಾಪಸ್ಸು ಕಳಿಸತೊಡಗಿದಳು. ಕೊಳಗಲ್ಲಿನಿಂದ ವಿರೂಪಮ್ಮ ಅಂತ ಒಬ್ಬಾಕೆ ತೀರಿಹೋದ ತನ್ನ ತಮ್ಮನ ಫೋಟೋ ತಂದಿದ್ದಳು. ರುಮಾಲಿನ ನೆರಳು ಕಣ್ಣಿನ ಮೇಲೆ ಬಿದ್ದಿತ್ತು, ತಿದ್ದಬಹುದಾಗಿತ್ತು. ‘ಆಗಂಗಿಲ್ರಿ. ಇದ್ದದ್ದು ಇದ್ದಂಗ ಇಟ್ಟಕೊಳ್ರಿ’ ಎಂದಳು ಜಡೆಮ್ಮ. ವಿರೂಪಮ್ಮ ಬೇರೆ ಸ್ಟುಡಿಯೋಕ್ಕೆ ಹೋಗಿ ಮಾಡಿಸಿಕೊಂಡಳು. ಹೀಗೆ ಮೂವರು ನಾಲ್ವರು ಆದ ಮೇಲೆ ವಿಷಯ ಕೊಟ್ಟೂರಪ್ಪನವರ ಕಿವಿಗೆ ಬಿತ್ತು. ‘ಬರಂಗಿಲ್ಲ ಅಂದ್ರ ಬ್ಯಾರೆ ಮಾತು. ಬರ್ತೈತಿ, ಮಾಡಂಗಿಲ್ಲ ಅಂದ್ರ ಅಂಗಡಿ ಹೆಂಗ ನಡೀಬೇಕವ್ವ?’ ಎಂದರು. ಆಕೆ ಚಪ್ಪಲಿ ಮೆಟ್ಟಿಕೊಂಡು ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ನಾನು ಅಲ್ಲೇ ಕೂತಿದ್ದೆ. ಆಕೆಯ ಪರವಾಗಿ ಒಂದು ಮಾತು ಆಡಬಹುದಾಗಿತ್ತು, ಆಡಲಿಲ್ಲ. ನನ್ನ ಕಣ್ಣಿಗೆ ಆಗ ಬಾಗಿಲ ಬೆಳಕಷ್ಟೇ ಕಾಣುತ್ತಿತ್ತು, ಕೊಟ್ಟೂರಪ್ಪನವರು ಇಟ್ಟುಕೊಂಡರೆ ಇರಬೇಕು, ಬಿಟ್ಟರೆ ಹೋಗಬೇಕು ಅನ್ನುವ ಸ್ಥಿತಿ ನನ್ನದು.

ಮುಂದಿನ ವರ್ಷ ನನ್ನನ್ನೂ ಬಿಟ್ಟರು. ಹೊಸಪೇಟೆಯಿಂದ ಹೊಸ ಆಳು ಬಂದ.

ಎಂಬತ್ತೆರಡರಲ್ಲಿ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನ್ನ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದರು. ಧ್ವನಿಯಿಂದ ಗುರುತಾಯಿತು, ಪಕ್ಕೀರಪ್ಪ. ಮಿಲ್ಲು ಮುಚ್ಚಿದ ಮೇಲೆ ಗಂಡ ಹೆಂಡತಿ ಕುರುಗೋಡಿಗೇ ಹೋಗಿದ್ದರು. ಮತ್ತೆ ಮಕ್ಕಳಾಗಲಿಲ್ಲ ಎಂದ.

‘ಜಡೆಮ್ಮ ಹೆಂಗದಾಳ?’

‘ಅದಾಳ್ರಿ. ಆ ಫೋಟೋ ಇನ್ನೂ ಪಡಸಾಲ್ಯಾಗ ಐತಿ, ಆಕಿ ಅಲ್ಲಿ ಕುಂಡ್ರಂಗಿಲ್ಲ. ಅಡಗಿಮನಿ ಬಾಗಿಲಿಂದ ಹಿತ್ತಲಕ್ಕ ಹೋಗಿ, ಹಂಗ ಸುತ್ತು ಹಾಕಿ ಹೊರಗ ಬರ್ತಾಳ.’

ಕುರುಗೋಡಿನ ಬಸ್ಸು ಬಂತು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ‘ಬರ್ತೀನ್ರಿ’ ಅಂತ ಹೇಳಿ ಹೋದ.