ನೋವು ತಲೆಯದಲ್ಲ
“ಮೆಲ್ಲಗೆ, ಬಾಗಿಲು ತಗಲೀತು,” ಎನ್ನುತ್ತ ನಾಲ್ಕು ಜನ ಕಂಡಕ್ಟರಮ್ಮನ ಶವವನ್ನು ಒಳಕೋಣೆಯಿಂದ ಹಜಾರಕ್ಕೆ ಹೊತ್ತು ತರುವಾಗ, ಮುದಿ ಡ್ರೈವರ್ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಹನ್ನೊಂದು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿದವರು. ಅವನು ನಿವೃತ್ತನಾಗಿ ನಾಲ್ಕು ವರ್ಷ. ಆಮೇಲೆ ಒಮ್ಮೆಯೂ ಈ ಕಡೆ ತಲೆಹಾಕಿರಲಿಲ್ಲ.

“ಸಿಡುಕಮ್ಮ ಅಂತ ಹೆಸರಿಟ್ಟಿದ್ದೇ ನಾವು,” ಎಂದ ಡಿಪೋದ ಮೆಕ್ಯಾನಿಕ್. “ಚಿಲ್ಲರೆ ಕೇಳಿದ್ರೆ ಕೆಂಡ ಕಾರೋಳು. ಈಗೆರಡು ವರ್ಷದಿಂದ ನೋಡ್ಬೇಕಿತ್ತು ನೀವು! ಬಸ್ಸಲ್ಲಿ ಹಾಡು ಹಾಕಿದ್ರೆ, ಇನ್ನೂ ಜೋರಾಗಿ ಇಡಪ್ಪ ಅನ್ನೋಳು.”

“ಹಾಡಾ? ಅವಳಾ?” ಎಂದ ಮುದಿ ಡ್ರೈವರ್. ತನ್ನದೇ ಸೀಟಿಯ ಸದ್ದು ತಾಳಲಾರದೆ ಬಸ್ಸಿನ ಮೈಯನ್ನು ಎರಡು ಸಲ ತಟ್ಟಿ ರೈಟ್ ಹೇಳುತ್ತಿದ್ದವಳು ಅವಳು.

“ತಲೆನೋವು ಹೋಗಿತ್ತಲ್ಲ ಅಣ್ಣಾ,” ಎಂದಳು ತಂಗಿ, ಅಕ್ಕನ ಕೂದಲು ಸರಿಪಡಿಸುತ್ತ. “ಕನ್ನಡಕ ಬದಲಾಯಿಸಿದ್ದಾಯ್ತು, ಹಲ್ಲು ಕೀಳಿಸಿದ್ದಾಯ್ತು, ಮಾತ್ರೆಗಂತೂ ಲೆಕ್ಕವೇ ಇಲ್ಲ. ಕೊನೆಗೆ ಒಬ್ಬ ಡಾಕ್ಟರಮ್ಮ ಕುತ್ತಿಗೆ ಹಿಂದೆ ಬೆರಳಿಟ್ಟು ಒತ್ತಿದ್ರು ನೋಡಿ, ಕಿಟಾರನೆ ಕಿರುಚಿದ್ಲು. ನೋವು ತಲೇದಲ್ಲಮ್ಮ, ಕುತ್ತಿಗೇದು, ಯಾವುದೋ ಹಳೇ ಪೆಟ್ಟು ಅಂದ್ರು. ಐದು ತಿಂಗಳು ವ್ಯಾಯಾಮ ಮಾಡಿಸಿದ್ರು. ಒಂದು ದಿನ ಬೆಳಗ್ಗೆ ಎದ್ದು ಸುಮ್ನೆ ಕೂತಿದ್ಲು. ಏನಾಯ್ತೇ ಅಂದೆ. ‘ಏನೂ ಇಲ್ಲ ಕಣೇ. ಏನೂ ಇಲ್ವಲ್ಲ!’ ಅಂತ ಅಳೋಕೆ ಶುರು ಮಾಡಿದ್ಲು.” ಸೆರಗಿನಿಂದ ಮೂಗೊರೆಸಿಕೊಂಡಳು. “ಎರಡೇ ವರ್ಷ ಸುಖ. ನಿನ್ನೆ ಉಂಡು ಎದ್ದವಳು, ಎದೆ ಹಿಡ್ಕೊಂಡು ಕುಸಿದ್ಲು.”

“ಪೆಟ್ಟು ಹೇಗಾಯ್ತು ಅಂದಿದ್ಲು?” ಎಂದು ಕೇಳಿದ ಮುದಿ ಡ್ರೈವರ್.

“ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಿದ್ದೆ ಅಂತ.”

*

ಇಬ್ಬರೂ ಒಂದೇ ಬಸ್ಸಿಗೆ ಬಂದ ಹೊಸತು. ಉರಿಬಿಸಿಲಿನ ಮಧ್ಯಾಹ್ನ. ಬಸ್ಸಿನಲ್ಲಿ ಏಳೆಂಟು ಜನ. ಅವನ ರೆಪ್ಪೆ ಒಂದು ಗಳಿಗೆ ಮುಚ್ಚಿತು. ತೆರೆದಾಗ ಎದುರಿಗೇ ಲಾರಿಯ ಬೆನ್ನು. ಬ್ರೇಕನ್ನು ಮೆಟ್ಟಿ ನಿಂತ. ಟಿಕೆಟ್ ಹರಿಯುತ್ತಿದ್ದವಳು ಹಾರಿಹೋಗಿ ಕಬ್ಬಿಣದ ಕಂಬಿಗೆ ಕುತ್ತಿಗೆ ಬಡಿದುಕೊಂಡಳು.

ತೂಕಡಿಸಿದ್ದಕ್ಕೆ ಅವನಿಗೆ ಆಗಲೇ ಒಂದು ಎಚ್ಚರಿಕೆ ಪತ್ರ ಬಂದಿತ್ತು. ಇನ್ನೊಂದು ಬಂದರೆ ಮನೆಗೆ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು.

ಅವಳು ಕುತ್ತಿಗೆ ಹಿಡಿದುಕೊಂಡೇ ಎದ್ದು ಕೂತಳು. “ಅಣ್ಣಾ, ನಾನೇ ಜಾರಿ ಬಿದ್ದೆ. ನೀವು ಬಾಯಿ ಬಿಡ್ಬೇಡಿ.”

ಅವನು ಬಾಯಿ ಬಿಡಲಿಲ್ಲ. ಅವಳ ತಲೆನೋವು ಶುರುವಾದಾಗಲೂ ಬಿಡಲಿಲ್ಲ.

*

“ಜಾರಿ ಬೀಳ್ಲಿಲ್ಲಮ್ಮ ಅವಳು,” ಎಂದ ಈಗ. “ನಾನು ತೂಕಡಿಸಿದ್ದೆ. ನನ್ನ ಕೆಲಸ ಉಳೀಲಿ ಅಂತ ಸುಳ್ಳು ಹೇಳಿದ್ಲು.”

ತಂಗಿಯ ಕೈ ಕೂದಲಲ್ಲೇ ನಿಂತಿತು.

“ಹದಿಮೂರು ವರ್ಷ ಆ ತಲೆಗೆ ಬಟ್ಟೆ ಬಿಗಿದು ಕಟ್ಟಿದವಳು ನಾನು,” ಎಂದಳು ಕೊನೆಗೆ. “ನಾಟಕ ಆಡ್ತೀಯ ಅಂತ ಬೈದಿದ್ದೂ ನಾನೇ.” ಎದ್ದು ಒಳಗೆ ಹೋದಳು.

ಹೊರಗೆ ಶವದ ವ್ಯಾನಿನವನು ಅವಸರಪಡಿಸುತ್ತಿದ್ದ. ಕಂಡಕ್ಟರಮ್ಮನನ್ನು ವ್ಯಾನಿನೊಳಗೆ ಮಲಗಿಸಿ, ತಂಗಿ ಹತ್ತಿ ಕೂತ ಮೇಲೆ ಮುದಿ ಡ್ರೈವರ್ ಕೈ ಚಾಚಿದ.

“ಕೀ ಕೊಡಪ್ಪ. ನಾನು ಓಡಿಸ್ತೀನಿ.”

ವ್ಯಾನಿನವನು ತಂಗಿಯ ಮುಖ ನೋಡಿದ. ಅವಳು ಮುದುಕನ ಕಡೆ ತಿರುಗಲಿಲ್ಲ. “ಕೊಡು,” ಎಂದಳು.

ಸ್ಮಶಾನದ ದಾರಿ ತುಂಬ ಉಬ್ಬುಗಳು. ಪ್ರತಿ ಉಬ್ಬಿಗೂ ಅವನು ವ್ಯಾನನ್ನು ಬಹುತೇಕ ನಿಲ್ಲಿಸಿ, ಮುಂದಿನ ಗಾಲಿ ಇಳಿಸಿ, ಆಮೇಲೆ ಹಿಂದಿನದನ್ನು ಇಳಿಸುತ್ತಿದ್ದ. ಹಿಂದಿನ ವಾಹನಗಳು ಹಾರ್ನ್ ಮಾಡಿದವು, ಅವನು ತಿರುಗಲಿಲ್ಲ. ಕನ್ನಡಿಯಲ್ಲಿ ತಂಗಿ ಕಾಣುತ್ತಿದ್ದಳು, ಎರಡೂ ಅಂಗೈಗಳನ್ನು ಅಕ್ಕನ ಕುತ್ತಿಗೆಯ ಕೆಳಗಿಟ್ಟುಕೊಂಡು. ನಾಲ್ಕನೇ ಉಬ್ಬು ದಾಟಿದ ಮೇಲೆ ಆ ಕೈಗಳು ಒಂದೊಂದಾಗಿ ಹೊರಬಂದು ಅವಳ ಮಡಿಲಿಗಿಳಿದವು.